ಕೈ ಎತ್ತಿದರೆ ನಿಲ್ಲುವ ನಾಡಿ

ಚಿಕ್ಕಪೇಟೆ, 12-3-1951

ಬಸವನಗುಡಿಯ ಡಾಕ್ಟರ್ ನರಸಿಂಗರಾಯರಿಗೆ ಸೀರೆ ಅಂಗಡಿ ಶಂಭುಲಿಂಗಪ್ಪನ ಶರಣು.

ನಮ್ಮ ಗುಮಾಸ್ತ ಮರಿಸಿದ್ದಪ್ಪನ ಕತ್ತಿನಲ್ಲಿ ಒಂದು ಪಕ್ಕೆಲುಬು ಹೆಚ್ಚಿದೆ, ಅದು ತೋಳಿನ ನರವನ್ನೂ ರಕ್ತನಾಳವನ್ನೂ ಒತ್ತುತ್ತಿದೆ, ಮೇಲಿನ ಹಲಗೆಯ ಸೀರೆ ಕಟ್ಟು ಇಳಿಸಬಾರದು ಎಂದು ಚೀಟಿ ಬರೆದಿದ್ದೀರಿ. ಕತ್ತಿನಲ್ಲಿ ಪಕ್ಕೆಲುಬೇ? ಅವನು ನಿಮ್ಮ ಬೀದಿಯವನೆಂಬುದೂ ನನಗೆ ಗೊತ್ತು.

“ಕೈ ಎತ್ತಿದ್ರೆ ನಾಡಿ ನಿಂತೋಗತ್ತೆ, ನೀವೇ ಹಿಡ್ದು ನೋಡಿ ಯಜಮಾನ್ರೆ” ಎಂದ. ಹಿಡಿದೆ, ನಿಂತಿತು. ಇದು ಎಲ್ಲರಿಗೂ ಆಗುತ್ತದೆಂದು ತೋರಿಸಲು ಅಂಗಡಿಯ ಐವರ ಕೈಯನ್ನೂ ಎತ್ತಿಸಿದೆ. ಯಾರದೂ ನಿಲ್ಲಲಿಲ್ಲ. ಕೊನೆಗೆ ನನ್ನ ಕೈಯನ್ನೇ ಎತ್ತಿ ಅವನಿಗೆ ಕೊಟ್ಟೆ. ಅವನು ನಾಡಿ ಹಿಡಿದು ನೋಡಿ ಅದನ್ನು ಮೆಲ್ಲಗೆ ಕೆಳಗಿಳಿಸಿದ.

ಇಪ್ಪತ್ತು ವರ್ಷ ಆ ಕಟ್ಟುಗಳನ್ನು ಇಳಿಸಿದವನು ನಾನೇ. ನನ್ನ ಕಿರುಬೆರಳು ಜೋಮು ಹಿಡಿಯುವುದನ್ನು ಮನೆಯಲ್ಲೂ ಹೇಳಿಲ್ಲ.

ನಿಮ್ಮ ಚೀಟಿಯನ್ನು ಈಗಲೂ ಪೂರ್ತಿ ನಂಬಿಲ್ಲ. ಬರುವ ಸೋಮವಾರ ಬರುತ್ತೇನೆ, ಹಿತ್ತಲ ಬಾಗಿಲು ತೆರೆದಿಡಿ.

ಇಂತಿ,
ಶಂಭುಲಿಂಗಪ್ಪ