ಮೌನಕ್ಕೆ ದುಡ್ಡು ಕೊಟ್ಟವರು

ಅಮ್ಮಾ,

ಅಳುವ ಮಗುವನ್ನು ಹತ್ತಿರವಿದ್ದವರೇ ಎತ್ತಿಕೊಳ್ಳಬೇಕೆಂದು ಈ ಆಶ್ರಮ ಕಟ್ಟುವಾಗ ನೀನೇ ನಿಯಮ ಮಾಡಿದ್ದೆ. ನೀನು ಸತ್ತು ವರ್ಷವಾಗಿಲ್ಲ. ಇವತ್ತು ಬೆಳಿಗ್ಗೆ ಊಟದ ಮನೆಯಲ್ಲಿ ನನ್ನ ಕೂಸು ಇಯಾರಾ ಅತ್ತಳು. ಮೌನ ಶಿಬಿರಕ್ಕೆಂದು ಸಾವೊ ಪಾಲೊ ನಗರದಿಂದ ಬಂದ ಅತಿಥಿಗಳು ಮರಗೆಣಸಿನ ಗಂಜಿ ಮುಂದಿಟ್ಟುಕೊಂಡು ಕಣ್ಣುಮುಚ್ಚಿ ಕೂತಿದ್ದರು. ಒಬ್ಬರೂ ಏಳಲಿಲ್ಲ. ನೀನು ಸೊಂಟದ ಮೇಲೆ ಹೊತ್ತು ಬೆಳೆಸಿದ ಒತಾವಿಯೊ, ಈಗಿನ ಮ್ಯಾನೇಜರು, ಓಡಿ ಬಂದ.

"ಗೇಟಿನಾಚೆ ಕರ್ಕೊಂಡ್ ಹೋಗಕ್ಕ. ಇವರು ಮೌನಕ್ಕೆ ಅಂತಲೇ ದುಡ್ಡು ಕೊಟ್ಟಿದಾರೆ."

"ನೀನು ಅತ್ತಾಗ ನಮ್ಮಮ್ಮ ಎಷ್ಟು ತಗೊಂಡಿದ್ಲೋ?"

"ಮೆಲ್ಲಗೆ ಮಾತಾಡಕ್ಕ, ರಿವ್ಯೂ ಬರೀತಾರೆ."

ಅವನ ಕೆನ್ನೆಗೆ ಬಾರಿಸಬೇಕಿತ್ತು. ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಆದರೆ ಆಶ್ರಮ ಈಗ ಅವನ ಕೈಯಲ್ಲಿದೆ; ಹೊರಹಾಕಿದರೆ ಎಲ್ಲಿಗೆ ಹೋಗಲಿ ಎಂಬ ಭಯದಲ್ಲಿ ನನ್ನ ಅಂಗೈಯನ್ನೇ ಮಗುವಿನ ಬಾಯಿಗೆ ಒತ್ತಿ ಹಿಡಿದೆ. ಅವಳು ಸುಮ್ಮನಾದಳು.

ಅತಿಥಿಯೊಬ್ಬಳು ಕಣ್ಣು ತೆರೆದು, ನನ್ನತ್ತ ನೋಡಿ, ಕೈಮುಗಿದಳು.