ಎರವಲು ತಂದ ಹೊಲ

ಪುಣೆ
೫ ಫೆಬ್ರವರಿ ೨೦೨೫, ಬುಧವಾರ

ನನ್ನ ಮುದ್ದಿನ ಅವ್ವಾ,

ನಮ್ಮ ಫ್ಲಾಟು ಮಾರಿಹೋಯಿತು ಅವ್ವಾ, ಮಾರಿಹೋಯಿತು! ನಾನು, ಇವರು, ಅತ್ತೆ ಮೂವರೂ ಮಹಾರಾಷ್ಟ್ರ ಬಿಟ್ಟು ನಮ್ಮ ದಾಸನಕೊಪ್ಪಕ್ಕೇ ಬಂದುಬಿಡುತ್ತಿದ್ದೇವೆ, ಶಾಶ್ವತವಾಗಿ!

ನಿನ್ನೆ ರಿಜಿಸ್ಟ್ರೇಷನ್ ಆಯಿತು. ಆಫೀಸಿನ ಮೆಟ್ಟಿಲು ಇಳಿಯುತ್ತಲೇ ಇವರು ನನ್ನ ಕೈ ಹಿಡಿದುಕೊಂಡು ರಸ್ತೆಯ ಮೇಲೇ ಒಂದು ಸುತ್ತು ತಿರುಗಿಸಿದರು. ಎಲ್ಲರೂ ನೋಡುತ್ತಿದ್ದರು, ನಾಚಿಕೆಯಿಂದ ಸತ್ತೇಹೋದೆ. ಆಮೇಲೆ ಐಸ್‌ಕ್ರೀಮ್ ಕೊಡಿಸಿದರು. ಅತ್ತೆ ಹಲ್ಲುನೋವು ಅನ್ನುತ್ತಲೇ ಎರಡು ತಿಂದರು. ನಾನೂ ನಕ್ಕೆ, ಚಪ್ಪಾಳೆ ತಟ್ಟಿದೆ. ಮದುವೆಯಾಗಿ ಇನ್ನೂ ಮೂರು ತಿಂಗಳು ತುಂಬಿಲ್ಲ ನೋಡು, ಇವರು ನಕ್ಕರೆ ನನಗೆ ತಡೆಯಲು ಆಗುವುದೇ ಇಲ್ಲ. ಹೊಟ್ಟೆಯೊಳಗೆ ಏನೇ ಇರಲಿ, ಮುಖ ತಾನಾಗಿ ನಗುತ್ತದೆ.

ಫೋನ್ ಇರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ನಿನಗೆ ಅನುಮಾನ ಬಂದಿರುತ್ತದೆ. ವ್ಯಾನ್ ಹತ್ತಿ ಶಿರಸಿಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗಿ ಬಂದವಳು ನಾನು. ಪರೀಕ್ಷೆಯ ಹೊರಗೆ ಕನ್ನಡ ಬರೆದದ್ದೇ ಇಲ್ಲ. ತಪ್ಪು ಕಂಡರೆ ನಗಬೇಡ, ಅಪ್ಪನಿಗೆ ಓದಿ ಹೇಳಲೂಬೇಡ. ಇದು ನಿನಗೆ ಮಾತ್ರ. ಫೋನ್ ಮಾಡಿದರೆ ಇವರು ತಕ್ಷಣ ಸ್ಪೀಕರ್ ಹಾಕುತ್ತಾರೆ, ‘ಅತ್ತಿಯವರ, ಆರಾಮ್ರಿ?’ ಎಂದು ಬಗ್ಗಿ ಕೂಗುತ್ತಾರೆ. ಒಬ್ಬಳೇ ಬಾಲ್ಕನಿಗೆ ಹೋದರೆ ಚಹಾ ಹಿಡಿದುಕೊಂಡು ಹಿಂದೆಯೇ ಬರುತ್ತಾರೆ. ಇವರಿಗೆ ಮನೆಯಲ್ಲಿ ಆಡುವ ಕನ್ನಡ ಪೂರ್ತಿ ಬರುತ್ತದೆ, ಓದಲು ಮಾತ್ರ ಒಂದಕ್ಷರವೂ ಬರುವುದಿಲ್ಲ. ಇಲ್ಲಿಯ ಮರಾಠಿ ಶಾಲೆಯಲ್ಲಿ ಕಲಿತವರಲ್ಲವೇ. ಈಗ ಎದುರಿಗೇ ಕೂತು ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದಾರೆ. ಏನು ಬರೆಯುತ್ತಿದ್ದೀಯಾ ಎಂದು ಕೇಳಿದರು, ಅವ್ವನಿಗೆ ಎಂದೆ. ‘ನಾ ನಮಸ್ಕಾರ ಹೇಳೀನಿ ಅಂತ ಬರಿ’ ಅಂದರು. ಬರೆದಿದ್ದೇನೆ. ಸ್ಪೀಡ್ ಪೋಸ್ಟ್ ಮಾಡಿ ಬರುವುದೂ ಇವರೇ.

ಅವ್ವಾ, ಆ ಹೊಲದ ವಿಷಯ.

ಇವರು ನನ್ನನ್ನು ನೋಡಲು ಬಂದ ದಿನ ನೀನು ಒಳಗೆ ಉಪ್ಪಿಟ್ಟು ಮಾಡುತ್ತಿದ್ದೆ, ಹಿತ್ತಲಿನಾಚೆ ನಡೆದದ್ದನ್ನು ನೋಡಲಿಲ್ಲ. ನಾನು ಬಚ್ಚಲುಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದೆ. ಹೆಣ್ಣು ನೋಡಲು ಬಂದಾಗ ನಮ್ಮ ಓಣಿಯಲ್ಲಿ ಮಾಡುವ ಹಾಗೆಯೇ ಅಂದೂ ಎಲ್ಲರೂ ಒಂದೊಂದು ಸಾಮಾನು ಎರವಲು ಕೊಟ್ಟಿದ್ದರಲ್ಲ. ಸೋಫಾ ಸೊಸೈಟಿ ಸೆಕ್ರೆಟರಿಯವರ ಮನೆಯದು. ಲೋಟಗಳು ನಾಲ್ಕು ಮನೆಯವು. ನನ್ನ ಕಿವಿಯಲ್ಲಿದ್ದದ್ದು ಪಕ್ಕದ ಮನೆಯ ಮಮತಾನ ಜುಮುಕಿ. ಓಣಿಯ ತುದಿಯ ಮನೆಯ ಕೆರಿಯ ತನ್ನ ಜರ್ಸಿ ಆಕಳನ್ನು ತಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿದ್ದ. ಅದು ತನ್ನ ಕರುವಿಗಾಗಿ ಒಂದೇ ಸಮನೆ ಒದರುತ್ತಿತ್ತು. ‘ಹೊಸಬರನ್ನ ಕಂಡ್ರ ಹಿಂಗ ಮಾತಾಡಸತೈತ್ರಿ ಇದು’ ಎಂದು ಅಪ್ಪ ಬೀಗರಿಗೆ ಹೇಳಿದ. ಆ ದಿನ ನಮ್ಮ ಮನೆಯಲ್ಲಿ ಎರವಲು ತರದೇ ಇದ್ದದ್ದು ನಾನೊಬ್ಬಳೇ ಇರಬೇಕು.

ಅಲ್ಲಿಯವರೆಗೆ ಸರಿಯೇ ಇತ್ತು. ಸೋಫಾ, ಲೋಟ ಇಲ್ಲದೆ ಯಾವ ಮನೆಯ ಹುಡುಗಿಯ ಮದುವೆ ಆಗಿದೆ ಹೇಳು? ಆದರೆ ಉಪ್ಪಿಟ್ಟು ತಡವಾಯಿತು, ಅಪ್ಪನಿಗೆ ಮಾತು ಮುಗಿಯಿತು, ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋದ. ಬೇಲಿಯಾಚೆ ವೀರಪ್ಪ ಕಾಕಾನ ಅನಾನಸ್ ಹೊಲ. ಸಾಲು ಸಾಲಾಗಿ ಕಾಯಿ ಕೂತಿದ್ದವು. ‘ಇದು ಯಾರದ್ರಿ ಮಾವನವರ?’ ಎಂದು ಇವರು ಕೇಳಿದರು. ಆಗಲೇ ಮಾವನವರೇ ಅಂದುಬಿಟ್ಟಿದ್ದರು, ಅದಕ್ಕೇ ಅಪ್ಪ ಕರಗಿಹೋಗಿರಬೇಕು. ಕೈಯನ್ನು ಇಷ್ಟು ಅಗಲ ಬೀಸಿ, ‘ಎಲ್ಲಾ ನಿಮ್ಮದ ತಿಳೀರಿ’ ಎಂದ. ಊಟಕ್ಕೆ ಕೂತವರಿಗೆ, ಬಾಗಿಲಿಗೆ ಬಂದವರಿಗೆ, ದಾರಿಯಲ್ಲಿ ಸಿಕ್ಕವರಿಗೆ ಅಪ್ಪ ಹೇಳುವುದು ಅದನ್ನೇ ಅಲ್ಲವೇ. ವೀರಪ್ಪ ಕಾಕಾ ಅಲ್ಲೇ ಕುಡಗೋಲು ಹಿಡಿದು ನಿಂತಿದ್ದ. ಇಡೀ ಓಣಿ ಕೊಟ್ಟಿರುವಾಗ ತಾನು ಹಿಂದೆ ಬೀಳಬಾರದು ಅನ್ನಿಸಿತೋ ಏನೋ. ‘ಹೌದ್ರಿ, ದ್ಯಾಮಪ್ಪಣ್ಣಂದ ಹೊಲ. ನಾ ಬರೇ ನೋಡ್ಕೊಳ್ಳಾಂವ್ರಿ’ ಎಂದು ಪಂಚೆ ಇಳಿಬಿಟ್ಟು ಕೈ ಮುಗಿದ. ಆಮೇಲೆ ಬಚ್ಚಲ ಕಿಟಕಿಯತ್ತ ನೋಡಿ ನನಗೆ ಕಣ್ಣು ಹೊಡೆದ. ನಾನು ನಕ್ಕೂ ನಕ್ಕೂ ಹಂಡೆಗೆ ತಲೆ ಬಡಿದುಕೊಂಡೆ.

ಮರುದಿನ ಸೋಫಾ ಹೋಯಿತು, ಲೋಟ ಹೋದವು, ಆಕಳು ಹಗ್ಗ ಬಿಚ್ಚುವ ಮೊದಲೇ ಓಡಿತು. ಹೊಲವೊಂದು ಮಾತ್ರ ಇವರ ತಲೆಯಲ್ಲೇ ಉಳಿಯಿತು, ಅದನ್ನು ವಾಪಸು ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ.

ಮದುವೆಯಾದ ಎರಡನೆಯ ವಾರದಿಂದಲೇ ಶುರುವಾಯಿತು. ಇವರ ಕೆಲಸ ಗೊತ್ತಲ್ಲ, ಊರ ತುಂಬ ಅಪಾರ್ಟ್‌ಮೆಂಟ್‌ಗಳ ಲಿಫ್ಟ್ ರಿಪೇರಿ. ‘ಹತ್ತ ವರ್ಷ ಆತು, ಬರೇ ಮ್ಯಾಲ ಹೋಗೂದು, ಕೆಳಗ ಬರೂದು. ಇನ್ನ ನೆಲದ ಮ್ಯಾಲ ನಿಂದರಬೇಕು’ ಎಂದರು. ನನಗೆ ಎಷ್ಟು ಮುದ್ದು ಬಂತೆಂದರೆ, ಆ ಮಾತಿನ ಹಿಂದೆ ಏನಿದೆ ಎಂದು ಯೋಚಿಸಲೇ ಇಲ್ಲ. ಆಮೇಲೆ ಅನಾನಸ್ ವೀಡಿಯೊ ನೋಡತೊಡಗಿದರು. ಆಮೇಲೆ ಗಮ್‌ಬೂಟ್ ಬಂತು, ಮೂರು ಜೊತೆ, ಅತ್ತೆಗೂ ಒಂದು. ಆಮೇಲೆ ಕಂಪನಿಗೆ ರಾಜೀನಾಮೆ ಕೊಟ್ಟು ಬಂದರು. ನನಗೆ ಸರ್‌ಪ್ರೈಸ್ ಅಂತೆ.

ನಾನು ಹೇಳಲಿಲ್ಲ ಅಂದುಕೊಳ್ಳಬೇಡ. ಹೇಳಿದೆ ಅವ್ವಾ, ದೇವರಾಣೆ ಹೇಳಿದೆ. ಬೆಳಿಗ್ಗೆ ಚಹಾ ಕುಡಿಯುವಾಗ ನೇರವಾಗಿ, ಅದು ನಮ್ಮ ಹೊಲ ಅಲ್ಲ, ವೀರಪ್ಪ ಕಾಕಾನದು, ಅಪ್ಪ ಹಾಗೆ ಮಾತಿಗೆ ಅಂದದ್ದು ಎಂದೆ. ಇವರು ನನ್ನ ಗಲ್ಲ ಹಿಂಡಿದರು. ‘ಗೊತ್ತೈತಿ. ಅಂವ ನೋಡ್ಕೊಳ್ಳಾಂವ. ತಾನ ಹೇಳಿದ್ನಲ್ಲ’ ಅಂದರು. ಇಲ್ಲ, ನಿಜವಾಗಿ ಕಾಕಾನದೇ ಎಂದೆ. ‘ನಿಮ್ಮ ಮಂದಿ ಭಾಳ ಸಂಕೋಚದವರು, ಇದ್ದದ್ದೂ ಇಲ್ಲ ಅಂತೀರಿ’ ಎಂದು ನಕ್ಕು, ಅತ್ತೆಯನ್ನು ಕರೆದು ನನ್ನ ಸಂಕೋಚದ ಕಥೆ ಹೇಳಿದರು. ಅತ್ತೆ ನನ್ನ ತಲೆ ಸವರಿ ‘ಬಂಗಾರದಂಥ ಹುಡುಗಿ’ ಎಂದರು. ಮೂರನೆಯ ಸಲ ಹೇಳಲು ನನಗೆ ಬಾಯಿ ಬರಲಿಲ್ಲ. ಒತ್ತಿ ಹೇಳಿದ್ದರೆ ನಂಬುತ್ತಿದ್ದರೇನೋ. ನಂಬಿದ್ದರೆ, ಹಾಗಾದರೆ ಆಕಳು ಯಾರದು, ಸೋಫಾ ಯಾರದು, ಅಪ್ಪ ಹೇಳಿದ ಯಾವ ಮಾತು ಖರೆ ಎಂದು ಒಂದೊಂದಾಗಿ ಕೇಳುತ್ತಿದ್ದರು. ಕೊನೆಗೆ ನನ್ನ ಮುಖ ನೋಡುತ್ತಿದ್ದರು. ಅದನ್ನು ನೆನೆದೇ ನಾನು ಸುಮ್ಮನಾದೆ.

ಆಮೇಲೆ ಫ್ಲಾಟು ಮಾರದ ಹಾಗೆ ಮಾಡಲು ನೋಡಿದೆ. ಕೊಳ್ಳುವವರು ಬಂದರು, ರಿಟೈರಾದ ಮೇಷ್ಟ್ರು ಮತ್ತು ಅವರ ಹೆಂಡತಿ. ಇವರು ಕೆಳಗೆ ಹೋಗಿದ್ದಾಗ ನಾನು ನನ್ನ ಹರುಕು ಮುರುಕು ಹಿಂದಿಯಲ್ಲಿ, ನೀರು ದಿನ ಬಿಟ್ಟು ದಿನ ಬರುತ್ತದೆ, ಮೇಲಿನ ಮನೆಯವರು ಹಗಲೆಲ್ಲ ಮೇಜು ಎಳೆಯುತ್ತಾರೆ, ಮಳೆಗಾಲದಲ್ಲಿ ಅಡುಗೆಮನೆಯ ಗೋಡೆ ಬೆವರುತ್ತದೆ ಎಂದು ಎಲ್ಲವನ್ನೂ ಹೇಳಿದೆ. ಎಲ್ಲವೂ ನಿಜವೇ. ಆ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡು, ಹತ್ತು ಮನೆ ನೋಡಿದೆವು, ಎಲ್ಲರೂ ಹೊಗಳಿದರು, ಇಷ್ಟು ಪ್ರಾಮಾಣಿಕ ಸೊಸೆ ಬದುಕಿದ ಮನೆಯೇ ನಮಗೆ ಬೇಕು ಎಂದುಬಿಟ್ಟರು. ಅಲ್ಲಿಗೇ ಮುಗಿಯಿತು. ಅವ್ವಾ, ನಾನು ನಿಜ ಹೇಳಿದಲ್ಲೆಲ್ಲ ಹೀಗೇ ಆಗುತ್ತಿದೆ.

ಕಳೆದ ಭಾನುವಾರ ಫೋನ್ ಮಾಡಿದ್ದು ಅಪ್ಪನ ಬಾಯಿಂದಲಾದರೂ ಹೇಳಿಸೋಣ ಎಂದು. ನಾನು ‘ಅಪ್ಪಾ, ಹಿತ್ತಲ ಹಿಂದಿನ ಹೊಲ…’ ಅನ್ನುವಷ್ಟರಲ್ಲಿ ಇವರು ಫೋನ್ ಕಸಿದುಕೊಂಡು, ‘ಮಾವನವರ, ಫ್ಲಾಟ್ ಮಾರಾಕತ್ತೀವಿ, ಅಲ್ಲೇ ಬಂದು ಹೊಲ ಮಾಡ್ತೀವ್ರಿ, ನಡೀತೈತಿಲ್ರಿ?’ ಎಂದರು. ಅಪ್ಪ ಎರಡು ಸಲ ಕೆಮ್ಮಿದ. ಆ ಗಳಿಗೆಯಲ್ಲಿ ನಾನು ಎಷ್ಟು ಬೇಡಿಕೊಂಡೆನೋ ನನಗೇ ಗೊತ್ತು. ಆಮೇಲೆ ಅಪ್ಪನ ಗಂಟಲು ಕೇಳಿಸಿತು: ‘ಬರ್ರಿ ಬರ್ರಿ, ಕೇಳೂದೇನ್ರಿ ಅದರಾಗ, ಎಲ್ಲಾ ನಿಮ್ಮದ ತಿಳೀರಿ.’ ಹಿಂದೆ ನಿನ್ನ ಕೈಯಿಂದ ತಾಟು ಬಿದ್ದ ಸದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿತು. ‘ಖುಷಿಗೆ ಕೈ ನಡಗಿರಬೇಕು ಪಾಪ’ ಎಂದರು ಅತ್ತೆ.

ಅಪ್ಪನ ಮೇಲೆ ಸಿಟ್ಟು ಮಾಡಬೇಡ. ಅಳಿಯ ಬರುತ್ತೇನೆ ಎಂದಾಗ ಬೇಡ ಎನ್ನಲು ಅವನಿಗೆ ಗೊತ್ತೇ ಇಲ್ಲ. ನನಗೂ ಗೊತ್ತಾಗಲಿಲ್ಲವಲ್ಲ.

ನಮ್ಮದು ಎಂದು ಇರುವುದು ಕೆರೆಯ ಕೆಳಗಿನ ಒಂದು ತುಂಡು ಗದ್ದೆ, ಅದೂ ದೊಡ್ಡಪ್ಪನ ಜೊತೆ ಜಂಟಿ. ಮನೆಯಲ್ಲಿ ಇರುವುದು ಎರಡು ಕೋಣೆ. ಇವರು ಬಾಡಿಗೆ ಲಾರಿ ಗೊತ್ತು ಮಾಡಿದ್ದಾರೆ. ಫ್ರಿಜ್, ಮಂಚ, ಕಪಾಟು, ಹನಿ ನೀರಾವರಿಯ ಪೈಪಿನ ಸುರುಳಿ ಎಲ್ಲವೂ ಅದರಲ್ಲಿ ಬರುತ್ತವೆ. ಇವನ್ನೆಲ್ಲ ಎಲ್ಲಿ ಇಳಿಸುತ್ತೀ ಅವ್ವಾ? ಒಂದು ಬೋರ್ಡನ್ನೂ ಮಾಡಿಸಿದ್ದಾರೆ. ಹಸಿರು ಬಣ್ಣ, ಹಳದಿ ಅಕ್ಷರ. ‘ನೀಲಗಂಗಾ ಫಾರ್ಮ್’. ನಿನ್ನ ಹೆಸರು. ಹೊಲದ ಬಾಯಿಗೆ ನಿನ್ನ ಕೈಯಿಂದಲೇ ಹಾಕಿಸಬೇಕಂತೆ.

ಮೊದಲು ನಾನು ಬೇರೆ ಉಪಾಯ ಮಾಡಿದ್ದೆ. ನಗಬೇಡ. ವೀರಪ್ಪ ಕಾಕಾನನ್ನು ಕೇಳಿ ಇನ್ನೊಂದು ದಿನ ಆ ಹೊಲವನ್ನು ಕೊಡಿಸು ಎಂದು ನಿನಗೆ ಬರೆಯಬೇಕೆಂದಿದ್ದೆ. ಬಂದ ದಿನ ಇವರು ಕಣ್ತುಂಬ ನೋಡಲಿ, ಮುಂದಿನದು ಮುಂದೆ. ಅಷ್ಟರಲ್ಲಿ ನಿನ್ನೆ ಮಮತಾ ಫೋಟೊ ಕಳಿಸಿದಳು. ಕಾಕಾ ಹೊಲವನ್ನು ಶುಂಠಿ ಬೆಳೆಯುವವರಿಗೆ ವರ್ಷದ ಬಾಡಿಗೆಯ ಲೆಕ್ಕದಲ್ಲಿ ಲಾವಣಿಗೆ ಕೊಟ್ಟನಂತೆ. ಜೆಸಿಬಿ ಬಂದು ಅನಾನಸ್ ಎಲ್ಲ ಕಿತ್ತು ಬದುವಿಗೆ ಒಟ್ಟಿದೆ. ಬೇಲಿಯಾಚೆ ಬರೇ ಕೆಂಪು ಮಣ್ಣು. ಫೋಟೊ ಬಂದಾಗ ನಾವು ಐಸ್‌ಕ್ರೀಮ್ ತಿನ್ನುತ್ತಿದ್ದೆವು. ಇವರು ಬಗ್ಗಿ, ‘ಯಾರ್ದದು, ಭಾರಿ ಮಣ್ಣು’ ಎಂದರು. ಯಾರದೋ ಎಂದು ಅಳಿಸಿಬಿಟ್ಟೆ.

ಈಗ ಉಳಿದದ್ದು ಒಂದೇ. ಹಾವೇರಿ ಸ್ಟೇಷನ್ನಿಗೆ ಅಪ್ಪ ಬರಲಿ. ದಾರಿಯಲ್ಲೇ, ಊರು ಕಾಣುವ ಮೊದಲೇ, ತಾನಾಗಿ ಇವರಿಗೆ ಹೇಳಲಿ. ನನ್ನ ಮಾತು ಇವರಿಗೆ ಸಂಕೋಚವಾಗಿ ಕಾಣುತ್ತದೆ, ಅಪ್ಪನ ಮಾತು ಖರೆಯಾಗಿ ಕಾಣುತ್ತದೆ. ನೀನು ಹೇಳಿದರೆ ಅಪ್ಪ ಹೂಂ ಅನ್ನುತ್ತಾನೆ, ಟವೆಲ್ ಝಾಡಿಸಿ ಕಟ್ಟೆಗೆ ಹೋಗಿ ಕೂರುತ್ತಾನೆ, ನನಗೆ ಗೊತ್ತು. ಆದರೂ ಹೇಳು. ಅದೂ ಆಗದಿದ್ದರೆ ಇಷ್ಟಾದರೂ ಮಾಡಲಿ, ಸ್ಟೇಷನ್ನಿನಲ್ಲಿ ಚಹಾ ಕೊಡಿಸುವಾಗಲೂ ‘ನಿಮ್ಮದ ತಿಳೀರಿ’ ಎನ್ನದಿರಲಿ.

ಇವರು ಒಳ್ಳೆಯವರು ಅವ್ವಾ. ಅದೇ ನನಗೆ ಕಷ್ಟವಾಗಿದೆ. ಸಂಶಯ ಪಡುವವರಾಗಿದ್ದರೆ ನಾನು ಬದುಕುತ್ತಿದ್ದೆ. ಇಗೋ, ಕೊನೆಯ ಪೆಟ್ಟಿಗೆಗೂ ಟೇಪು ಹಚ್ಚಿ ಆಯಿತು. ಮೇಲೆ ಮಾರ್ಕರಿನಿಂದ ಮರಾಠಿ ಅಕ್ಷರದಲ್ಲಿ ‘ಹೊಲಮನೆ’ ಎಂದು ಬರೆದು, ಸರಿಯೇ ಎಂದು ನನ್ನ ಮುಖ ನೋಡುತ್ತಿದ್ದಾರೆ. ಸರಿ ಎಂದು ತಲೆ ಅಲ್ಲಾಡಿಸಿದೆ.

ನಿನ್ನ ಮಡಿಲಿಗೆ ಓಡಿ ಬರುತ್ತಿರುವ, ಬರಲು ಹೆದರುತ್ತಿರುವ
ಶಿಲ್ಪಾ

ತಾ.ಕ.: ಕವರು ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ. ಇವರು ಸ್ನಾನಕ್ಕೆ ಹೋದಾಗ ಅತ್ತೆ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಾ ನನ್ನ ಪಕ್ಕ ಬಂದು ಕೂತರು. ಅವರು ರಾಣೆಬೆನ್ನೂರಿನ ಕಡೆಯವರು, ಕನ್ನಡ ಚೆನ್ನಾಗಿ ಓದುತ್ತಾರೆ, ನಾನು ಮರೆತೇಬಿಟ್ಟಿದ್ದೆ. ‘ನಿನ್ನ ನೋಡಾಕ ಬಂದ ದಿನ ನಿಮ್ಮನಿಯಾಗ ನಾಕ ಲೋಟದ ಮ್ಯಾಲ ನಾಕ ಹೆಸರ ಕೆತ್ತಿದ್ವು. ನನಗ ಚಹಾ ಬಂದದ್ದರ ಮ್ಯಾಲ ಮಮತಾ ಅಂತ ಇತ್ತು’ ಎಂದರು. ನಾನು ಈ ಕಾಗದವನ್ನು ಮಗುಚಿ ಇಟ್ಟೆ. ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ‘ಅಂಜಬ್ಯಾಡ. ನಾವೂ ಬರುವಾಗ ಮಂದೀದು ಕಾರು ಇಸಗೊಂಡ ಬಂದಿದ್ವಿ. ಲೋಟ ತರಲಿ, ಸೋಫಾ ತರಲಿ, ಎಲ್ಲಾರೂ ತರ್ತಾರ. ಹೊಲಾನ ಯಾರರ ಎರವಲ ತರ್ತಾರೇನ? ಹೊಲ ನೋಡೇ ನಾ ಹೂಂ ಅಂದೆ, ಅದನ್ನ ನಂಬೇ ಈ ಮನಿ ಕಾಗದಕ್ಕ ಸಹಿ ಹಾಕೀನಿ’ ಎಂದರು. ಕೈಯಲ್ಲಿದ್ದ ಪಾತ್ರೆ ಹಿಡಿದುಕೊಂಡೇ ನನ್ನ ಮುಖ ನೋಡಿದರು. ನಾನು ನಕ್ಕೆ ಅವ್ವಾ. ಅವರ ಜೊತೆ ಸೇರಿ ಜೋರಾಗಿ ನಕ್ಕೆ.

ಹಾವೇರಿ ಸ್ಟೇಷನ್, ಫೆಬ್ರವರಿ ಹದಿನಾಲ್ಕು, ಶುಕ್ರವಾರ ಮಧ್ಯಾಹ್ನ, ಶರಾವತಿ ಎಕ್ಸ್‌ಪ್ರೆಸ್.