ಅಂಗಾಲಿನ ಹಳದಿ

ಗುರುವಾರ, ರಾತ್ರಿ ಎರಡೂವರೆ. ಕಂಪ್ಯೂಟರಿನ 'ಟಿಣ್' ಸದ್ದಿಗೆ ಎಚ್ಚರವಾಯಿತು. ಮೇಜಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದೆ. ಫೋಟೋ ಸರಿಪಡಿಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಅಂತೂ ಇನ್‌ಸ್ಟಾಲ್ ಆಗಿತ್ತು.

ಕೂಸಿನ ಕಾಮಾಲೆ ಕಡಿಮೆಯಾಗುತ್ತಿದೆ ಎಂದು ಡಾಕ್ಟರ್ ಮನೆಗೆ ಕಳಿಸಿದ್ದರು. ಹಳದಿ ಅಂಗಾಲಿಗೆ ಬಂದರೆ ಮಾತ್ರ ಹೊತ್ತು ನೋಡದೆ ಕರೆತನ್ನಿ ಎಂದಿದ್ದರು. ಸಂಜೆಯಿಂದ ನನಗೆ ಅಂಗಾಲು ಹಳದಿಯಾಗಿಯೇ ಕಾಣುತ್ತಿದೆ. ಇವರು ದೀಪ ಹಾಕಿ ನೋಡಿ, "ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಕಣೇ. ಮಗೂಗಲ್ಲ, ನಿನಗೇ ಔಷಧಿ ಕೊಡಿಸ್ಬೇಕು. ಮಲಕ್ಕೋ" ಎಂದು ಮಗ್ಗುಲು ಬದಲಿಸಿದರು.

ಮಲಗುವುದು ಹೇಗೆ? ನಿನ್ನೆಯ ಫೋಟೋ, ಇವತ್ತಿನ ಫೋಟೋ ದೊಡ್ಡ ಪರದೆಯಲ್ಲಿ ಪಕ್ಕಪಕ್ಕ ಇಟ್ಟರೆ ನಿಜ ಗೊತ್ತಾಗುತ್ತದೆ ಎಂದುಕೊಂಡೆ. ಹೆಗಲ ಮೇಲೆ ಕೂಸು, ಕೀಬೋರ್ಡಿನ ಮೇಲೆ ಒಂದೇ ಕೈ. ಕಾಪಿ ಮಾಡಲು ಕಂಟ್ರೋಲ್ ಮತ್ತು ಸಿ ಒತ್ತುವಾಗ ಪಕ್ಕದ ಯಾವ ಕೀ ತಗುಲಿತೋ, ಪರದೆಯೆಲ್ಲ ಬೂದಿ ಬಣ್ಣ! ನಿನ್ನೆಯ ಕಾಲೂ ಬೂದಿ, ಇವತ್ತಿನದೂ ಬೂದಿ. ಗಾಬರಿಯಲ್ಲಿ ಸಿಕ್ಕಸಿಕ್ಕ ಕೀಗಳನ್ನು ಒತ್ತಿದೆ. ಪರದೆ ತಲೆಕೆಳಗಾಯಿತೇ ಹೊರತು ಬಣ್ಣ ಬರಲಿಲ್ಲ. ಇದಕ್ಕೆ ಒಂದು ಡಿಗ್ರಿ ಬೇರೆ ನನಗೆ.

ನನಗೆ ಅಳುವುದಕ್ಕೂ ತ್ರಾಣವಿಲ್ಲ. ಕೂಸು ಹಾಲನ್ನು ಅರ್ಧಕ್ಕೇ ಬಿಟ್ಟು ಕಣ್ಣು ಮುಚ್ಚುತ್ತಿದೆ. ಅದು ನಿದ್ದೆಯೋ, ಸುಸ್ತೋ?

ನರ್ಸ್ ಆಗಿರುವ ಅಕ್ಕನಿಗೆ ಎರಡೂ ಫೋಟೋ ಕಳಿಸಿದ್ದೇನೆ. ಇವತ್ತು ಅವಳಿಗೆ ರಾತ್ರಿ ಪಾಳಿ, ಇನ್ನೂ ನೋಡಿಲ್ಲ. ಅಕ್ಕಾ, ಬೇಕಾದರೆ ಬೈಯಿ, ಪುಕ್ಕಲಿ ಅನ್ನು. ಹೊರಡು ಅಂದರೆ ಇವರನ್ನು ಎಬ್ಬಿಸಿ ಈಗಲೇ ಹೊರಡುತ್ತೇನೆ. ಬೆಳಗಾಗುವವರೆಗೆ ಕಾಯಿಸಬೇಡ ಕಣೇ, ಒಂದು ಫೋನ್ ಮಾಡು, ಒಂದೇ ಒಂದು...